ನಲ್ಲಿ ಪುಟ್ಟಿಯಲ್ಲಿ ಎದ್ದು ನಿಂತ ವಾರ್ಸಾ ಬಂಡಾಯಗಾರರು: ನನ್ನ ಅನುಭವ

ಕಳೆದ ಜನವರಿಯಲ್ಲಿ ನನ್ನ ವಾರ್ಸಾ ಡಯೋರಾಮಾದ, ಅಂದರೆ ಯುದ್ಧದ ಒಂದು ದೃಶ್ಯದ ಪುಟ್ಟ ಪ್ರತಿಕೃತಿಯ, ಒಂಬತ್ತನೆಯ ಫಿಗರ್‌ಗೆ ಕೊನೆಯ ಕೈ ಬಣ್ಣ ಹಚ್ಚಿ ಮುಗಿಸಿದೆ. ಒಂಬತ್ತೂ 1:35 ಪ್ರಮಾಣದ, ಅಂದರೆ ನಿಜವಾದ ಎತ್ತರದ ಮೂವತ್ತೈದರಲ್ಲಿ ಒಂದು ಪಾಲಿನಷ್ಟಿರುವ ಮನುಷ್ಯಾಕೃತಿಗಳು. ತಲೆಗಳನ್ನು ಬಿಟ್ಟರೆ ಯಾವುದೂ ಪೆಟ್ಟಿಗೆಯಿಂದ ಬಂದದ್ದಲ್ಲ. ಮೂರು ವರ್ಷ ಹಿಡಿಯಿತು. ಕಸದ ಬುಟ್ಟಿ ಸೇರಿದವುಗಳನ್ನು ನೆನಪಿನಿಂದ ಲೆಕ್ಕ ಹಾಕಿದರೆ ನಲವತ್ತರ ಆಸುಪಾಸು ಇರಬಹುದು. ಮೈಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ಸೋರಿಕೆ ಮುಚ್ಚಲು ಮಾರುವ ಎಪಾಕ್ಸಿ ಪುಟ್ಟಿ, ಬಟ್ಟೆಗೆ ಅಂಟು ಮತ್ತು ಟಾಲ್ಕ್ ಕಲಸಿ ಲಟ್ಟಿಸಿದ ಹಾಳೆ ಎಂದು ನಾನು ಮೊದಲ ಸಲ ಹೇಳಿದಾಗ ನಮ್ಮ ಮಾದರಿ ತಯಾರಕರ ಬಳಗದಲ್ಲಿ ನಕ್ಕವರೇ ಹೆಚ್ಚು. ನನಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರು, "ನಳಕ್ಕ ಹಚ್ಚೂದರಿ ಇದು, ಮನಷ್ಯಾನ ಮೈಗಲ್ಲ" ಎಂದು ಎಲ್ಲರ ಎದುರಿಗೇ ಹೇಳಿದ್ದರು. ಈಗ ಅವರೇ ಹದ ಕೇಳಲು ಎರಡು ಸಲ ಮನೆಗೆ ಬಂದು ಹೋಗಿದ್ದಾರೆ.

ಬೆಳಗಾವಿಯಲ್ಲಿ ಕುಳಿತು ಪೋಲೆಂಡಿನ ರಾಜಧಾನಿ ವಾರ್ಸಾ ಏಕೆ ಎಂದು ಹಲವರು ಕೇಳಿದ್ದಾರೆ. ನಮ್ಮ ಊರಿನಿಂದ ಎರಡು ಮೂರು ಗಂಟೆಯ ದಾರಿಯ ಕೊಲ್ಹಾಪುರದ ಹತ್ತಿರ ವಳಿವಡೆ ಎಂಬ ಊರಿದೆ. 1943ರಿಂದ 1948ರವರೆಗೆ ಅಲ್ಲಿನ ಶಿಬಿರದಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರು, ಹೆಚ್ಚಿನಂಶ ಹೆಂಗಸರು ಮತ್ತು ಮಕ್ಕಳು, ಬದುಕಿದ್ದರು. ಅವರ ಸ್ಮಾರಕವನ್ನು ನೋಡಿ ಬಂದ ಮೇಲೆ ನನ್ನ ಓದು ಆ ಕಡೆ ತಿರುಗಿತು, ಓದಿನ ಹಿಂದೆಯೇ ಕೈಯೂ ಹೋಯಿತು.

ನಗರವನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ನರ ವಿರುದ್ಧ ವಾರ್ಸಾದಲ್ಲಿ 1944ರ ಆಗಸ್ಟ್ 1ರ ಸಂಜೆ 5 ಗಂಟೆಗೆ ಆರಂಭವಾಗಿ 63 ದಿನ ನಡೆದ ಬಂಡಾಯದ ಹೋರಾಟಗಾರರನ್ನು ಮಾಡಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಸಮವಸ್ತ್ರವೇ ಇಲ್ಲದಿರುವುದು. ಒಬ್ಬನ ಮೈಮೇಲೆ ಮನೆಯ ಕೋಟು, ಇನ್ನೊಬ್ಬನಿಗೆ ಮೊಣಕಾಲ ಕೆಳಗೆ ಬಿಗಿಯುವ ದೊಗಲೆ ಪ್ಯಾಂಟು, ಮೂರನೆಯವನಿಗೆ ಶತ್ರುವಿನಿಂದ ಕಿತ್ತುಕೊಂಡ ಹೆಲ್ಮೆಟ್ಟು, ಸುದ್ದಿ ಒಯ್ಯುವ ಹುಡುಗಿಗೆ ಸಾಮಾನ್ಯ ಲಂಗ. ಎಲ್ಲರಿಗೂ ಸಮಾನವಾದದ್ದು ಬಿಳಿ ಮತ್ತು ಕೆಂಪಿನ ತೋಳಪಟ್ಟಿ ಒಂದೇ. ಅಂಥ ರೆಸಿನ್ ಫಿಗರ್‌ಗಳು ಹೊರದೇಶಗಳಲ್ಲಿ ಸಿಗುತ್ತವೆ ನಿಜ, ಆದರೆ ಆಗ ನಾನು ವಿಚಾರಿಸಿದಾಗ ಒಂದಕ್ಕೆ 2,000 ರೂಪಾಯಿಯ ಮೇಲೆ ಬೀಳುತ್ತಿತ್ತು, ಸುಂಕ ಬೇರೆ. ಒಂಬತ್ತು ಜನರಿಗೆ ಅಷ್ಟು ತೆರುವ ಶಕ್ತಿ ನನಗಿರಲಿಲ್ಲ.

ಆದ್ದರಿಂದ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಜರ್ಮನ್ ಪದಾತಿ ಸೈನಿಕರ ಎರಡು ಪ್ಲಾಸ್ಟಿಕ್ ಕಿಟ್ ತರಿಸಿ, ಜೇಬು, ಗುಂಡಿ, ಕಾಲರುಗಳನ್ನು ಕೆರೆದು ತೆಗೆದು, ನಾಗರಿಕ ಕೋಟು ತೊಡಿಸಲು ನೋಡಿದೆ. ಎಷ್ಟು ಕೆರೆದರೂ ಅವರು ಕವಾಯತು ಮಾಡಿದ ಸೈನಿಕರಂತೆಯೇ ಕಾಣುತ್ತಿದ್ದರು. ಭುಜ ಅಗಲ, ಎದೆ ಮುಂದೆ, ಕಾಲು ದೂರ. ಅನ್ನಕ್ಕೂ ನಿದ್ದೆಗೂ ಗತಿಯಿಲ್ಲದೆ ತಿಂಗಳು ಕಳೆದ ಇಪ್ಪತ್ತರ ಹುಡುಗನ ನಿಲುವು ಅದಲ್ಲ. ಆರು ಫಿಗರ್, ಸುಮಾರು 2,400 ರೂಪಾಯಿ, ನಾಲ್ಕು ತಿಂಗಳ ರಾತ್ರಿಗಳು ಅಲ್ಲಿಗೆ ಮುಗಿದವು.

ತಂತಿಯ ಅಸ್ಥಿಪಂಜರದಿಂದಲೇ ಶುರುಮಾಡಬೇಕೆಂದು ಆಗ ನಿಶ್ಚಯಿಸಿದೆ. ಹಳೆಯ ಮೋಟಾರಿನ ತಾಮ್ರದ ತಂತಿಯನ್ನು ಹೊಸೆದು ನಿಲುವು ಕೊಟ್ಟು, ಮೇಲೆ ನಲ್ಲಿ ಪುಟ್ಟಿಯಿಂದ ಬರಿ ಮೈ ಕಟ್ಟಿದೆ. ವಯಸ್ಕನಿಗೆ 48 ಅಥವಾ 49 ಮಿ.ಮೀ., ಹನ್ನೆರಡರ ಹುಡುಗನಿಗೆ 41 ಮಿ.ಮೀ. ಎತ್ತರ ಸಾಕು. ಈ ಪುಟ್ಟಿಯ ಕಣ ಒರಟು, ಬೇಸಿಗೆಯಲ್ಲಿ ಹದಿನೈದೇ ನಿಮಿಷಕ್ಕೆ ಬಿಗಿಯುತ್ತದೆ, ಅದರಲ್ಲಿ ಗುಂಡಿ ಕೆತ್ತಲು ಹೋದರೆ ಅಂಚು ಉದುರುತ್ತದೆ. ನಕ್ಕವರ ಮಾತಿನಲ್ಲಿ ಇಷ್ಟು ಸತ್ಯವಿತ್ತು. ಆದರೆ ನನಗೆ ಅದರಲ್ಲಿ ಗುಂಡಿ ಕೆತ್ತುವುದೇ ಬೇಕಿರಲಿಲ್ಲ. ಮೈ ಬಟ್ಟೆಯೊಳಗೆ ಅಡಗುತ್ತದೆ. ಅದು ಗಟ್ಟಿಯಾಗಿ, ತೆಳ್ಳಗೆ, ಅಗ್ಗವಾಗಿ ಇದ್ದರೆ ಸಾಕು.

ಬಟ್ಟೆಯ ವಿಚಾರವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಗೆದ್ದದ್ದು ಅಲ್ಲೇ. ನನ್ನ ತಂದೆ ಶಹಾಪುರದಲ್ಲಿ ದರ್ಜಿಯಾಗಿದ್ದರು. ಕೋಟಿನ ಮಡಿಕೆಗಳನ್ನು ಪುಟ್ಟಿಯಲ್ಲಿ ಕೆತ್ತಲು ಒಂದು ವರ್ಷ ಒದ್ದಾಡಿ ಸೋತ ಮೇಲೆ, ಮಡಿಕೆ ಕೆತ್ತುವ ವಸ್ತುವಲ್ಲ, ಕತ್ತರಿಸಿದ ಬಟ್ಟೆ ತಾನಾಗಿ ಬೀಳುವ ರೀತಿ ಎಂಬುದು ಅವರ ಹಳೆಯ ಕಾಗದದ ಮಾದರಿಗಳನ್ನು ನೋಡುವಾಗ ಹೊಳೆಯಿತು. ನಿಧಾನವಾಗಿ ಬಿಗಿಯುವ ಎರಡು ಟ್ಯೂಬಿನ ಎಪಾಕ್ಸಿ ಅಂಟಿಗೆ ಟಾಲ್ಕ್ ಕಲಸಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ, ಮುಂಭಾಗ ಎರಡು, ಬೆನ್ನು ಒಂದು, ತೋಳು ಎರಡು ಎಂದು ದರ್ಜಿಯಂತೆಯೇ ತುಂಡು ಕತ್ತರಿಸಿ ಮೈಗೆ ಹೊದಿಸಿದೆ. ಕಲಸಿದ ಕೂಡಲೇ ಲಟ್ಟಿಸಿದರೆ ಎಲ್ಲಕ್ಕೂ ಅಂಟುತ್ತದೆ, ತಡವಾದರೆ ಮಡಿಸುವಾಗ ಸೀಳುತ್ತದೆ. ನಮ್ಮ ಹವೆಯಲ್ಲಿ ಒಂದೂವರೆಯಿಂದ ಎರಡು ಗಂಟೆಯ ನಡುವೆ ಚಪಾತಿ ಹಿಟ್ಟಿನ ಹದ ಬರುತ್ತದೆ, ಅದು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಆ ಇಪ್ಪತ್ತು ನಿಮಿಷ ಯಾರು ಬಾಗಿಲು ಬಡಿದರೂ ನಾನು ಏಳುವುದಿಲ್ಲ. ಟಾಲ್ಕ್‌ನ ಪ್ರಮಾಣವನ್ನೂ, ಉಪಕರಣಕ್ಕೆ ಹಾಳೆ ಅಂಟದಂತೆ ನೀರಿನ ಬದಲು ನಾನು ಸವರುವುದೇನೆಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ವರ್ಷದ ಸೋಲಿನ ಬೆಲೆ ಅದಕ್ಕಿದೆ. ಸುವಾಸನೆಯ ಪೌಡರು ಬೇಡ ಎಂದಷ್ಟು ಹೇಳಬಲ್ಲೆ. ಕೇರಂ ಬೋರ್ಡಿನ ಪುಡಿಯನ್ನೂ ಪ್ರಯತ್ನಿಸಿದೆ, ಹಾಳೆ ರವೆ ರೊಟ್ಟಿಯಂತಾಯಿತು. ಆದರೆ ಅದೇ ಹಾಳೆ ಒಡೆದ ಗೋಡೆಯ ಗಾರೆಗೆ ಬಹಳ ಚೆನ್ನಾಗಿ ಒದಗಿತು.

ನನ್ನ ದೃಶ್ಯ ಸೆಪ್ಟೆಂಬರ್ ಆರಂಭದ್ದು. ಹಳೆ ಪಟ್ಟಣವನ್ನು ಇನ್ನು ಉಳಿಸಿಕೊಳ್ಳಲಾಗದೆಂದು ತಿಳಿದಾಗ ಅಲ್ಲಿಂದ 5,000ಕ್ಕೂ ಹೆಚ್ಚು ಜನ ನೆಲದಡಿಯ ಇಟ್ಟಿಗೆಯ ಚರಂಡಿಗಳ ಮೂಲಕ ನಗರದ ಮಧ್ಯಭಾಗಕ್ಕೆ ಬಂದರು. ಅವರು ಮೇಲೆ ಬಂದ ಬಾಯಿಗಳಲ್ಲಿ ಒಂದು ವಾರೆತ್ಸ್ಕಾ ಬೀದಿಯದು. ಆ ಬಾಯಿಯಿಂದ ಒಬ್ಬನನ್ನು ಇಬ್ಬರು ಎತ್ತುತ್ತಿದ್ದಾರೆ, ಉಳಿದವರು ಗೋಡೆಗೆ ಒರಗಿದ್ದಾರೆ. ಒಂಬತ್ತರಲ್ಲಿ ಬಂದೂಕು ಇರುವುದು ಮೂವರ ಬಳಿ ಮಾತ್ರ. ಯುದ್ಧದ ಡಯೋರಾಮಾದಲ್ಲಿ ಇಷ್ಟು ಕಡಿಮೆ ಆಯುಧ ಇದ್ದರೆ ಯಾರೂ ನಿಂತು ನೋಡುವುದಿಲ್ಲ ಎಂದು ಗೆಳೆಯರು ಎಚ್ಚರಿಸಿದರು. ಆ ಬಂಡಾಯದಲ್ಲಿ ಜನರಿಗಿಂತ ಆಯುಧ ಬಹಳ ಕಡಿಮೆಯಿತ್ತು. ಎಲ್ಲರ ಕೈಗೂ ಬಂದೂಕು ಕೊಟ್ಟರೆ ಅದು ವಾರ್ಸಾ ಆಗುವುದಿಲ್ಲ.

ಇಬ್ಬರಿಗೆ ಜರ್ಮನ್ ಎಸ್‌ಎಸ್ ಪಡೆಯ ಚುಕ್ಕೆ ಚುಕ್ಕೆಯ ಮೇಲಂಗಿ ತೊಡಿಸಿದ್ದೇನೆ. ಬಂಡಾಯದ ಮೊದಲ ದಿನಗಳಲ್ಲೇ ಸ್ತಾಫ್ಕಿ ಬೀದಿಯ ಜರ್ಮನ್ ಉಗ್ರಾಣ ಬಂಡಾಯಗಾರರ ಕೈಗೆ ಬಂದಾಗ ಇಂಥ ಅಂಗಿಗಳು ರಾಶಿರಾಶಿಯಾಗಿ ಸಿಕ್ಕವು. "ಇವರು ಜರ್ಮನ್ನರಲ್ಲವೇ?" ಎಂದು ಪ್ರದರ್ಶನದಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ: ಬಂಡಾಯಗಾರರ ಜೋಶ್ಕಾ ತುಕಡಿಯ ಒಂದು ಗುಂಪು ಇದೇ ಅಂಗಿಯಲ್ಲಿ, ಜರ್ಮನ್ನರಂತೆಯೇ ನಟಿಸುತ್ತ, ಸ್ಯಾಕ್ಸನ್ ಉದ್ಯಾನವನ್ನು ದಾಟಿ ಪಾರಾಗಿತ್ತು. ತಲೆಯ ಮೇಲಿಂದ ತೊಡುವ, ಕುತ್ತಿಗೆಗೆ ದಾರ, ಮಣಿಕಟ್ಟಿಗೆ ಎಲಾಸ್ಟಿಕ್ ಇರುವ ಈ ಅಂಗಿ ನನ್ನ ಹಾಳೆಯ ವಿಧಾನಕ್ಕೆ ಹೇಳಿ ಮಾಡಿಸಿದಂತಿತ್ತು. ಬಣ್ಣವೇ ಕಾಡಿತು. ನಿಜವಾದ ಬಟ್ಟೆಯ ಬಣ್ಣಗಳನ್ನೇ ವ್ಯಾಲೆಹೋ ಕಂಪನಿಯ ಅಕ್ರಿಲಿಕ್‌ನಲ್ಲಿ ಹೊಂದಿಸಿ ಹಚ್ಚಿದರೆ ಈ ಗಾತ್ರದಲ್ಲಿ ಕಪ್ಪು ಮುದ್ದೆಯಂತೆ ಕಂಡಿತು. ಎರಡು ಸಲ ತೊಳೆದೆ. ಕೊನೆಗೆ ಪ್ರತಿ ಬಣ್ಣಕ್ಕೂ ಮರಳುಬಣ್ಣ ಬೆರೆಸಿ ತಿಳಿಯಾಗಿಸಿ, ಚುಕ್ಕೆಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದಾಗ ಕಣ್ಣು ಒಪ್ಪಿತು.

ತೋಳಪಟ್ಟಿಗೆ ಡೀಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಮುದ್ರಿಸಿದ್ದು ದಂಡವಾಯಿತು. ಬಟ್ಟೆಯ ಮಡಿಕೆಯ ಮೇಲೆ ಅದು ಕೂರುವುದೇ ಇಲ್ಲ. ಅದೇ ಹಾಳೆಯಿಂದ 3 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಸುತ್ತಿ, ಮೇಲೆ ಬಿಳಿ, ಕೆಳಗೆ ಕೆಂಪು ಹಚ್ಚಿದೆ. ಒಂದರಲ್ಲಿ ತಿರುಗುಮುರುಗಾಗಿತ್ತು, ಅದನ್ನು ಕಂಡುಹಿಡಿದವಳು ನನ್ನ ಮಗಳು.

ಆಯುಧಗಳಲ್ಲಿ ನನಗೆ ಹೆಮ್ಮೆ ಇರುವುದು ಬ್ವಿಸ್ಕಾವಿತ್ಸಾ ಬಗ್ಗೆ. ಮಿಂಚು ಎಂಬ ಅರ್ಥದ ಹೆಸರಿನ ಈ ಸಬ್‌ಮಷೀನ್ ಗನ್ನನ್ನು ಹೋಮ್ ಆರ್ಮಿ ಎಂಬ ಪೋಲಿಷ್ ಭೂಗತ ಸೈನ್ಯದವರು ಗುಪ್ತ ಕಾರ್ಖಾನೆಗಳಲ್ಲಿ ಸುಮಾರು 700ರಷ್ಟು ತಯಾರಿಸಿದ್ದರು. ಸಣ್ಣ ಕಾರ್ಯಾಗಾರಗಳಲ್ಲೂ ಕೂಡಲಾಗುವಂತೆ ಬೆಸುಗೆಯ ಬದಲು ಹೆಚ್ಚಾಗಿ ತಿರುಪಿನ ಎಳೆ ಮತ್ತು ಸ್ಕ್ರೂಗಳನ್ನು ಬಳಸಿದ್ದರು. ಅದು ನನ್ನ ಪ್ರಮಾಣದಲ್ಲಿ 21 ಮಿ.ಮೀ. ಉದ್ದ. ಔಷಧದ ಅಂಗಡಿಯ 18 ನಂಬರಿನ ಇಂಜೆಕ್ಷನ್ ಸೂಜಿ ಅದರ ಒಡಲಿಗೆ, 26 ನಂಬರಿನದು ನಳಿಗೆಗೆ ಅಳತೆ ಮಾಡಿದಂತೆ ಕೂತವು. ಸೂಜಿ ಎರಡು, ಖರ್ಚು ಹತ್ತು ರೂಪಾಯಿಯ ಒಳಗೆ. ಸೊಂಟಕ್ಕೆ ಸಿಕ್ಕಿಸಿದ ಗ್ರೆನೇಡ್ ಸಿದೋಲುಫ್ಕಾ. ಸಿದೋಲ್ ಎಂಬ ಲೋಹ ಹೊಳಪಿನ ದ್ರಾವಣದ ಡಬ್ಬಿಯ ಆಕಾರವನ್ನು ಹೋಲುತ್ತಿದ್ದುದರಿಂದ ಅದಕ್ಕೆ ಆ ಹೆಸರು.

ನಡುವೆ ಎರಕದ ಹುಚ್ಚೂ ಹತ್ತಿತ್ತು. ಚೆನ್ನಾಗಿ ಬಂದ ಮೂರು ಮೈಗಳಿಗೆ ಸಿಲಿಕೋನ್ ಅಚ್ಚು ತೆಗೆದು ಜುಲೈ ತಿಂಗಳಲ್ಲಿ ಪಾಲಿಯುರಿಥೇನ್ ರೆಸಿನ್ ಸುರಿದೆ. ಬೆಳಗಾವಿಯ ಜುಲೈ ಮಳೆಯನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ: ತೇವ ಕುಡಿದ ರೆಸಿನ್ ನೊರೆಯೆದ್ದು, ನನ್ನ ಬಂಡಾಯಗಾರರು ಸೆಟ್ ದೋಸೆಯಂತೆ ತೂತು ತೂತಾಗಿ ಹೊರಬಂದರು. ಅಚ್ಚು, ರೆಸಿನ್ ಸೇರಿ ಸುಮಾರು 3,500 ರೂಪಾಯಿ ಹೋಯಿತು. ಉದ್ಯಮಬಾಗಿನ ಫೌಂಡ್ರಿಯೊಂದರ ಪರಿಚಿತ ಮೇಸ್ತ್ರಿಯ ಸಲಹೆಯಂತೆ ಬೆಸುಗೆಯ ತವರವನ್ನೂ ಎರೆದು ನೋಡಿದೆ. ಬೂಟುಗಳು ಸೊಗಸಾಗಿ ಬಂದವು, ಬೆರಳುಗಳು ಒಂದೂ ತುಂಬಲಿಲ್ಲ. ಈಗಲೂ ನನ್ನ ಫಿಗರ್‌ಗಳ ಬೂಟುಗಳು ತವರದವೇ. ಕೆಳಗೆ ಭಾರವಿರುವುದರಿಂದ ಬಣ್ಣ ಹಚ್ಚುವಾಗ ಉರುಳುವುದಿಲ್ಲ, ಇದನ್ನು ಯಾರು ಬೇಕಾದರೂ ಅನುಸರಿಸಬಹುದು.

ಚರಂಡಿಯ ಹಸಿಯನ್ನು ತೋರಿಸಲು ಮೊದಲ ಸಲ ಮೈತುಂಬ ಹೊಳಪಿನ ವಾರ್ನಿಷ್ ಹೊಡೆದೆ, ಎಲ್ಲರೂ ಚನ್ನಪಟ್ಟಣದ ಗೊಂಬೆಗಳಂತೆ ಮಿಂಚಿದರು. ನೀರಿನಲ್ಲಿ ನಡೆದವನ ಬಟ್ಟೆ ಸೊಂಟದ ಕೆಳಗೆ ಮಾತ್ರ ತೊಯ್ದಿರುತ್ತದೆ, ಮೇಲೆ ಬರಬರುತ್ತ ಬರಿ ಬಣ್ಣ ಕಪ್ಪೇರಿರುತ್ತದೆ. ಹೀಗಾಗಿ ಹೊಳಪನ್ನು ತೊಡೆಯಿಂದ ಕೆಳಕ್ಕೆ ಇಳಿಸಿ, ಮಡಿಕೆಗಳ ಏರಿನ ಮೇಲೆ ಮ್ಯಾಟ್ ಉಳಿಸಿ, ಕೆಸರಿಗೆ ಸೋಸಿದ ಹೊಲದ ಕರಿಮಣ್ಣು ಬಳಸಿದೆ.

ಒಟ್ಟು ಖರ್ಚನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ, ಅದು ಕಳೆದಿದೆ. ನೆನಪಿನ ಲೆಕ್ಕದಲ್ಲಿ ಹಾಳಾದದ್ದೆಲ್ಲ ಸೇರಿ 14,000 ರೂಪಾಯಿ. ಅದರಲ್ಲಿ ಎರಡು ಕಂತಿನಲ್ಲಿ ತರಿಸಿದ ರೆಸಿನ್ ತಲೆಗಳಿಗೇ 3,000ದ ಹತ್ತಿರ ಹೋಗಿದೆ. ಮುಖವನ್ನು ನಾನೇ ಮಾಡಲು ಹೋಗಿ ಐದು ಸಲ ಸೋತಿದ್ದೇನೆ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಕಾಣುವುದಿಲ್ಲ, ಆರೂವರೆ ಮಿ.ಮೀ. ತಲೆಯಲ್ಲಿ ದಣಿವನ್ನು ತರಬಲ್ಲವರು ಬೇರೆಯೇ ಇದ್ದಾರೆ. ಈಗಿನ ವಿಧಾನದಲ್ಲಿ ತಲೆಯನ್ನು ಬಿಟ್ಟು ಒಂದು ಫಿಗರ್‌ಗೆ ತಗಲುವುದು 90ರಿಂದ 120 ರೂಪಾಯಿ ಮತ್ತು ಹನ್ನೊಂದು ಸಂಜೆ.

ಸುದ್ದಿ ಒಯ್ಯುವ ಹುಡುಗಿಯ ಜಡೆ ಈ ಮಳೆಗಾಲದಲ್ಲಿ ಮತ್ತೆ ಬಿರುಕು ಬಿಟ್ಟಿದೆ. ಮೂರು ಎಳೆ ತಂತಿ ಹೆಣೆದು ಅದರ ಮೇಲೆ ಹಾಳೆಗೆ ಕಲಸುವ ಅಂಟು-ಟಾಲ್ಕ್ ಮಿಶ್ರಣವನ್ನು ತೆಳುವಾಗಿ ಸವರಿ ನೋಡುತ್ತಿದ್ದೇನೆ. ಎರಡು ಜಡೆ ಮುರಿದವು, ಮೂರನೆಯದು ಬಲ್ಬಿನ ಪೆಟ್ಟಿಗೆಯಲ್ಲಿ ಒಣಗುತ್ತಿದೆ.