ಹದಿಮೂರು ದಿನಗಳ ಪ್ರೇಮ: 1837ರ ಮಂಗಳೂರನ್ನು ಕಾದಂಬರಿಗೆ ತರುವ ಬಗೆ

ಮಂಗಳೂರಿನ ಗುಡ್ಡವಾದ ಬಾವುಟಗುಡ್ಡೆಯಲ್ಲಿ ಕಥೆಯನ್ನು ಆರಂಭಿಸುವ ಮೊದಲು ಆ ದಿನಗಳ ಪಂಚಾಂಗವೊಂದನ್ನು ಬರೆದಿಟ್ಟುಕೊಳ್ಳಿ. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತರ ದಂಡು ಮಂಗಳೂರನ್ನು ವಶಪಡಿಸಿಕೊಂಡು, ಕಂಪನಿಯ ಬಾವುಟವನ್ನು ಇಳಿಸಿ ತನ್ನ ಬಾವುಟವನ್ನು ಏರಿಸಿತು. ಊರು ಅವರ ಕೈಯಲ್ಲಿ ಉಳಿದದ್ದು ಹದಿಮೂರು ದಿನ. ನಿಮ್ಮ ಪ್ರೇಮಿಗಳಿಗೆ ದೊರೆಯುವ ಕಾಲವೂ ಅಷ್ಟೇ. ಅದು ಅಮಾವಾಸ್ಯೆಯ ಆಸುಪಾಸಾದ್ದರಿಂದ ಮೊದಲ ಭೇಟಿಗೆ ಬೆಳದಿಂಗಳನ್ನು ತರುವಂತಿಲ್ಲ. ಮುಂದೆ ರಾತ್ರಿಯಿಂದ ರಾತ್ರಿಗೆ ಚಂದ್ರ ಬೆಳೆಯುತ್ತಾನೆ, ಗೆಲುವಿನ ಭರವಸೆ ಕರಗುತ್ತದೆ. ಈ ನಡುವೆಯೇ ತುಳುವರ ಹೊಸ ವರ್ಷದ ಬಿಸು ಹಬ್ಬ ಬರುತ್ತದೆ. ಎದ್ದೊಡನೆ ನೋಡಲೆಂದು ಹಣ್ಣು-ಹೂಗಳ ಕಣಿ ಇಡುವ ಆ ಬೆಳಗನ್ನು ದಯವಿಟ್ಟು ಕೈಬಿಡಬೇಡಿ.

ಪ್ರೇಮಕ್ಕೆ ಅಡ್ಡಿಯಾಗಲು ದುಷ್ಟ ಅಧಿಕಾರಿಯೊಬ್ಬನನ್ನು ಸೃಷ್ಟಿಸುವುದಕ್ಕಿಂತ ಕಂದಾಯವನ್ನೇ ಅಡ್ಡಿಯಾಗಿಸುವುದು ಸತ್ಯಕ್ಕೆ ಹತ್ತಿರವೆಂದು ನನ್ನ ನಂಬಿಕೆ. 1834ರಲ್ಲಿ ಕೊಡಗಿನ ಅರಸನನ್ನು ಪದಚ್ಯುತಗೊಳಿಸಿದ ಕಂಪನಿ, ಅಮರ ಸುಳ್ಯ ಮತ್ತು ಪುತ್ತೂರಿನ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ನಗದಾಗಿ ಕೇಳತೊಡಗಿತು. ಹಣ ಹೊಂದಿಸಲು ಸಾಹುಕಾರನ ಜಗಲಿಯಲ್ಲಿ ಕಾದು ನಿಂತ ಮನೆಯಲ್ಲಿ ಮದುವೆಯ ಮಾತು ಹೇಗೆ ಮುಂದಕ್ಕೆ ಹೋಗುತ್ತದೆ ಎಂಬುದನ್ನು ಬರೆದರೆ, ದಂಗೆಯ ಕಾರಣವನ್ನು ಬೇರೆಯಾಗಿ ವಿವರಿಸುವ ಅಗತ್ಯವೇ ಬೀಳದು.

ನಾಯಕಿ ಅಳಿಯಸಂತಾನದ ಮನೆಯವಳಾಗಿದ್ದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಅವಳು ಯಾರನ್ನು ಒಪ್ಪುತ್ತಾಳೆ ಎಂಬುದು ಇಡೀ ಕುಟುಂಬಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ. ನಾಯಕನ ಮನೆಮಾತು ಸುಳ್ಯ ಕಡೆಯ ಗೌಡರ ಕನ್ನಡವಾದ ಅರೆಭಾಷೆ, ಅವಳದು ತುಳು ಎಂದಿಟ್ಟುಕೊಂಡರೆ, ಮೊದಲ ಸಂಭಾಷಣೆಯ ತಡವರಿಕೆಯೂ ಒಂದು ಸೊಗಸಾಗುತ್ತದೆ.

ಕಾಲದೋಷದ ಬಗ್ಗೆ ಎಚ್ಚರವಿರಲಿ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಆದ್ದರಿಂದ ಮಳೆಯ ಸದ್ದನ್ನು ಮಂಗಳೂರು ಹೆಂಚಿನ ಮೇಲೆ ಕೇಳಿಸಬೇಡಿ, ಮುಳಿಹುಲ್ಲಿನ ಮಾಡನ್ನು ಕಟ್ಟಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದು 1843ರಲ್ಲಿ. ನಿಮ್ಮ ಸುದ್ದಿ ಕಡವಿನ ದೋಣಿಯವನ ಬಾಯಿಂದಲೇ ಬರಬೇಕು.

ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರಂತಹ ನಿಜ ವ್ಯಕ್ತಿಗಳನ್ನು ದೂರದಿಂದ ಕಾಣಿಸಿ. ಅವರ ಬಾಯಿಗೆ ಕಲ್ಪಿತ ಪ್ರಣಯವನ್ನು ತುರುಕುವುದು ಸರಿಯಲ್ಲ. ಸೋಲಿನ ಬಳಿಕ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು, ಆದರೆ ನಾಯಕನನ್ನು ಅಲ್ಲಿಗೇ ಒಯ್ಯಬೇಕೆಂದೇನೂ ಇಲ್ಲ. ಮರುವರ್ಷದ ಬಿಸುವಿಗೆ ಕಣಿ ಇಡುವಾಗ ಅವಳು ಯಾರ ಹೆಸರನ್ನು ಬಾಯಿಗೆ ತಾರದೆ ಉಳಿಸಿಕೊಳ್ಳುತ್ತಾಳೆ ಎಂಬುದನ್ನು ನಿರ್ಧರಿಸಿಕೊಂಡು, ಕೊನೆಯ ಅಧ್ಯಾಯವನ್ನೇ ಮೊದಲು ಬರೆಯಿರಿ.