ಖಿನ್ನತೆಯ ದಿನಗಳಲ್ಲಿ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಬಗೆ

ಖಿನ್ನತೆ ಆವರಿಸಿದ ತಾಯಿಯಲ್ಲಿ ಕೆಲಸ ಮಾಡುವ ಶಕ್ತಿಯೊಂದಿಗೆ ನಿರ್ಧಾರ ಮಾಡುವ ಶಕ್ತಿಯೂ ಕುಂದುತ್ತದೆ. ಬೆಳಗ್ಗೆ ಎದ್ದಾಗ ಚಿಕ್ಕ ಮಗು ಹಾಲಿಗಾಗಿ ಅಳುತ್ತಿರುತ್ತದೆ, ದೊಡ್ಡದನ್ನು ಅಂಗನವಾಡಿಗೆ ಹೊರಡಿಸಬೇಕಿರುತ್ತದೆ, ಆಟಿ ತಿಂಗಳ ಮಳೆಗೆ ಒಣಗದ ಬಟ್ಟೆ ಜಗಲಿಯ ತುಂಬ ನೇತಾಡುತ್ತಿರುತ್ತದೆ. ಯಾವುದರಿಂದ ಆರಂಭಿಸಬೇಕೆಂದು ತಿಳಿಯದೆ ಅವಳು ಕುಳಿತಲ್ಲೇ ಉಳಿಯುತ್ತಾಳೆ. ಇದನ್ನು ಸೋಮಾರಿತನವೆಂದು ಮನೆಯವರು ತಿಳಿಯುತ್ತಾರೆ, ಅವಳೂ ಹಾಗೆಯೇ ನಂಬುತ್ತಾಳೆ. ಆದುದರಿಂದ ಮನಸ್ಸು ತುಸು ಹಗುರವಾಗಿರುವ ಹೊತ್ತಿನಲ್ಲಿಯೇ ಕಷ್ಟದ ದಿನಕ್ಕೆ ಬೇಕಾದ ನಿರ್ಧಾರಗಳನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಹೆರಿಗೆಯಾಗಿ ಮೂರು ನಾಲ್ಕು ದಿನಗಳಲ್ಲಿ ಬರುವ ಅಳು ಮತ್ತು ಚಡಪಡಿಕೆ ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿ ಕಡಿಮೆಯಾಗುತ್ತದೆ. ದುಃಖ, ನಿರಾಸಕ್ತಿ, ಮಗು ಮಲಗಿದ್ದರೂ ಬಾರದ ನಿದ್ದೆ, ಮಗುವಿನ ಮೇಲೆ ಪ್ರೀತಿಯೇ ಹುಟ್ಟುತ್ತಿಲ್ಲವೆಂಬ ಅಪರಾಧಿ ಭಾವ, ಇವು ಎರಡು ವಾರಗಳಾಚೆಗೂ ದಿನದ ಬಹುಭಾಗ ಕಾಡುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಇದು ಗರ್ಭಿಣಿಯಾಗಿರುವಾಗಲೂ ಬರಬಹುದು, ಮಗುವಿಗೆ ಎರಡು ಮೂರು ವರ್ಷವಾದ ಮೇಲೆಯೂ ಬರಬಹುದು. ನಮ್ಮ ಕಾಸರಗೋಡಿನ ಕಡೆಯ ಬಾಣಂತನದಲ್ಲಿ ಎಣ್ಣೆ ನೀರಿನ ಸ್ನಾನ, ಲೇಹ, ಪಥ್ಯದ ಊಟ ಎಲ್ಲವೂ ಅಕ್ಕರೆಯಿಂದ ನಡೆಯುತ್ತವೆ. ಆದರೆ ತವರಿನಿಂದ ಗಂಡನ ಮನೆಗೆ ಮರಳಿದ ಮೇಲೆ ಅವಳ ನಿದ್ದೆಯ ಬಗ್ಗೆ ಕೇಳುವವರೇ ಇರುವುದಿಲ್ಲ. ಗಂಡ ಗಲ್ಫಿನಲ್ಲಿದ್ದರಂತೂ ರಾತ್ರಿಗಳೆಲ್ಲ ಅವಳೊಬ್ಬಳ ಪಾಲಿಗೆ ಬರುತ್ತವೆ. ಆ ತಿಂಗಳುಗಳಲ್ಲಿಯೇ ಹೆಚ್ಚು ಎಚ್ಚರ ಬೇಕೆಂದು ನನಗನಿಸುತ್ತದೆ.

ಚಿಕಿತ್ಸೆಗೆ ಮೊದಲ ಹೆಜ್ಜೆಯಾಗಿ ಮನೆಗೆ ಬರುವ ಆಶಾ ಕಾರ್ಯಕರ್ತೆಯೊಡನೆ ಮಾತನಾಡಬಹುದು, ಇಲ್ಲವೇ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ನೇರವಾಗಿ ಹೋಗಬಹುದು. ಕೇರಳದಲ್ಲಿ ಇಂತಹ ಕೇಂದ್ರಗಳ ಮೂಲಕ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ನೀಡುವುದಕ್ಕೆಂದೇ ‘ಆಶ್ವಾಸಂ’ ಎಂಬ ಕಾರ್ಯಕ್ರಮವಿದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಅನೇಕ ತಾಯಂದಿರಿಗೆ ಮನಸ್ಸಿನೊಳಗಿನದನ್ನು ಮಲೆಯಾಳದಲ್ಲಿ ಹೇಳುವುದು ಕಷ್ಟವಾಗುತ್ತದೆ. ನಿದ್ದೆ ಎಷ್ಟು ಹೊತ್ತು, ಊಟ ಹೇಗೆ, ಅಳು ಯಾವಾಗ, ಸಾಯುವ ಯೋಚನೆ ಬಂದಿದೆಯೇ ಎಂಬುದನ್ನು ಮನೆಯಲ್ಲಿಯೇ ಕನ್ನಡದಲ್ಲಿ ಬರೆದುಕೊಂಡು, ಎರಡೂ ಭಾಷೆ ಬಲ್ಲ ನಂಬಿಕೆಯ ಹೆಂಗಸೊಬ್ಬರನ್ನು ಜೊತೆಗೆ ಕರೆದೊಯ್ದರೆ ಹೇಳಬೇಕಾದದ್ದು ಉಳಿದುಹೋಗುವುದಿಲ್ಲ. ಹೊರಗೆ ಹೋಗಲಾಗದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು; ಅಲ್ಲಿನ ಭಾಷೆಗಳಲ್ಲಿ ಕನ್ನಡವೂ ಇದೆ.

ವೈದ್ಯರಲ್ಲಿ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಬೇಕು, ಏಕೆಂದರೆ ಇವೆರಡೂ ಇದೇ ರೀತಿಯ ಆಯಾಸವನ್ನು ಉಂಟುಮಾಡುತ್ತವೆ ಮತ್ತು ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದುಂಟು. ಎದೆಹಾಲು ಕುಡಿಸುತ್ತಿದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಮಾತ್ರೆ ತೆಗೆದುಕೊಂಡರೆ ಹಾಲು ನಿಲ್ಲಿಸಲೇಬೇಕೆಂಬ ಭಯದಿಂದ ಅನೇಕರು ಚಿಕಿತ್ಸೆಯನ್ನೇ ಬಿಡುತ್ತಾರೆ. ಆದರೆ ಸರ್ಟ್ರಲಿನ್‌ನಂತಹ ಔಷಧಗಳು ಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆಯಾದುದರಿಂದ ವೈದ್ಯರು ಅವುಗಳನ್ನು ಬಾಣಂತಿಯರಿಗೂ ನೀಡುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಬೇಕು. ಆ ನಡುವಿನ ವಾರಗಳನ್ನು ದಾಟುವುದಕ್ಕೆ ದಿನಚರಿಯನ್ನು ಕುಗ್ಗಿಸಿಕೊಳ್ಳಲೇಬೇಕಾಗುತ್ತದೆ.

ಅತಿ ಕಷ್ಟದ ದಿನ ಮಕ್ಕಳಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ, ಅಪಾಯವಿಲ್ಲದ ಜಾಗ, ನಿದ್ದೆ, ಮತ್ತು ಸ್ವಲ್ಪ ಹೊತ್ತಾದರೂ ಅಮ್ಮನ ಮುಖ. ಮಿಕ್ಕದ್ದು ನಾಳೆಗಿರಲಿ. ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಬಾಳೆಹಣ್ಣು, ಮೊಸರವಲಕ್ಕಿ ಇಷ್ಟರಲ್ಲಿಯೇ ದಿನ ಕಳೆದರೂ ಮಕ್ಕಳಿಗೆ ಕೊರತೆಯಾಗದು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಸಿಗುವ ಅಮೃತಂ ಪುಡಿಯಲ್ಲಿ ಗೋಧಿ, ಕಡಲೆ, ಸೋಯಾ, ನೆಲಗಡಲೆ ಇರುವುದರಿಂದ ಅದರ ಕುರುಕ್ಕನ್ನು, ಅಂದರೆ ಗಟ್ಟಿ ಗಂಜಿಯನ್ನು, ಬೇಗನೆ ಕಾಯಿಸಿ ಕೊಡಬಹುದು. ಮಗುವಿನೊಂದಿಗೆ ತಾಯಿಯೂ ಅದೇ ಹೊತ್ತಿಗೆ ಉಣ್ಣಬೇಕು. ನೆಲದ ಮೇಲೆ ಮಗುವಿನ ಎದುರು ಕುಳಿತು ಹತ್ತು ನಿಮಿಷ ಅದರ ತೊದಲಿಗೆ ಮಾರುತ್ತರ ಕೊಡುವುದು ಇಡೀ ದಿನ ಬೇಸರದಿಂದ ಎತ್ತಿಕೊಂಡು ತಿರುಗುವುದಕ್ಕಿಂತ ಮೇಲು. ಎರಡು ವರ್ಷ ದಾಟಿದ ಮಗು ಅಂದು ಟಿವಿಯ ಮುಂದೆ ಸ್ವಲ್ಪ ಹೊತ್ತು ಕುಳಿತರೆ ಅದಕ್ಕಾಗಿ ಕೊರಗಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆ ವಯಸ್ಸಿಗೆ ಹೇಳಿದ ಮಿತಿ ದಿನಕ್ಕೆ ಒಂದು ಗಂಟೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ನಮ್ಮ ಮನೆಗಳ ಸುತ್ತ ಬಾವಿ, ಕೆರೆ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು ಇರುತ್ತವೆ, ಮಂಕು ಕವಿದ ಅಥವಾ ಮಾತ್ರೆಯ ತೂಕಡಿಕೆಯಲ್ಲಿರುವ ತಾಯಿಯ ಗಮನ ಕ್ಷಣದಲ್ಲಿ ತಪ್ಪುತ್ತದೆ. ಬಾವಿಗೆ ಬಲೆ ಮತ್ತು ಜಗಲಿಯ ಮೆಟ್ಟಿಲಿಗೆ ಗೇಟು ಹಾಕಿಸುವ ಕೆಲಸವನ್ನು ಮನೆಯ ಗಂಡಸರು ಮುಂದೂಡಬಾರದು. ತೋಟದ ಔಷಧಗಳನ್ನೂ ಮಾತ್ರೆಗಳನ್ನೂ ಬೀಗದೊಳಗಿಟ್ಟು ಕೀಲಿಕೈಯನ್ನು ಬೇರೊಬ್ಬರು ಇಟ್ಟುಕೊಳ್ಳಬೇಕು; ಇದು ಮಕ್ಕಳಿಗಾಗಿ, ತಾಯಿಗಾಗಿಯೂ ಹೌದು. ಸಿಟ್ಟು ನೆತ್ತಿಗೇರಿದಾಗ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಅದು ಅಳುತ್ತಿದ್ದರೂ ಸರಿ, ಐದು ನಿಮಿಷ ಜಗಲಿಗೆ ಬಂದು ನಿಂತರೆ ಮಗುವಿಗೆ ಹಾನಿಯಿಲ್ಲ.

ಸಹಾಯ ಕೇಳುವಾಗ ಕೆಲಸವನ್ನೂ ಹೊತ್ತನ್ನೂ ಸ್ಪಷ್ಟವಾಗಿ ಹೇಳಬೇಕು. “ಅತ್ತೆ, ರಾತ್ರಿ ಹತ್ತರಿಂದ ಎರಡರವರೆಗೆ ಮಗುವನ್ನು ನೀವು ನೋಡಿಕೊಳ್ಳಿ, ಹಾಲು ಹಿಂಡಿ ಇಟ್ಟಿದ್ದೇನೆ, ನನಗೆ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಬೇಕು” ಎಂದರೆ ಅವರಿಗೂ ತಿಳಿಯುತ್ತದೆ. ದೂರದಲ್ಲಿರುವ ಗಂಡನೂ ದಿನಾ ಸಂಜೆ ಗೊತ್ತಾದ ಹೊತ್ತಿಗೆ ವಿಡಿಯೋ ಕರೆ ಮಾಡಿ ದೊಡ್ಡ ಮಗುವಿಗೆ ಕತೆ ಹೇಳಿದರೆ, ಪಕ್ಕದಲ್ಲಿಯೇ ಕುಳಿತ ತಾಯಿಗೆ ಅಷ್ಟು ಹೊತ್ತು ಉತ್ತರ ಕೊಡುವ ಭಾರ ತಪ್ಪುತ್ತದೆ. ಮೂರು ವರ್ಷದ ಮಗುವಿಗೂ ಸತ್ಯವನ್ನು ಹೇಳಬಹುದು: “ಅಮ್ಮನಿಗೆ ಹುಷಾರಿಲ್ಲ, ಔಷಧ ತೆಗೆದುಕೊಳ್ಳುತ್ತಿದ್ದೇನೆ, ನೀನು ಏನೂ ತಪ್ಪು ಮಾಡಿಲ್ಲ.”

ಹೆರಿಗೆಯಾದವಳು ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ, ತನಗೋ ಮಗುವಿಗೋ ಕೇಡು ಮಾಡುವ ಮಾತಾಡಿದರೆ ಅದು ಹಿರಿಯರು ಬಾಣಂತಿ ಸನ್ನಿ ಎನ್ನುವ ತುರ್ತು ಸ್ಥಿತಿಯಾಗಿರಬಹುದು. ಜ್ಯೋತಿಷ್ಯರ ಮನೆಗೆ ಹೋಗುವುದನ್ನು ನಂತರ ನೋಡಿಕೊಳ್ಳಬಹುದು. ಅವಳನ್ನೂ ಮಗುವನ್ನೂ ಇಬ್ಬರನ್ನೇ ಬಿಡದೆ ಅಂದೇ 108 ಕರೆದು ಆಸ್ಪತ್ರೆಗೆ ಸೇರಿಸಬೇಕು. ಮಗು ದೂರವಾಗುತ್ತದೆಂದು ಹೆದರುವವರು ತಿಳಿಯಬೇಕಾದದ್ದೇನೆಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ.

ಮನಸ್ಸು ಸುಧಾರಿಸಿದೊಡನೆ ಮಾತ್ರೆ ನಿಲ್ಲಿಸುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸೂಚನೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕು. ಒಮ್ಮೆ ಖಿನ್ನತೆ ಬಂದವರಿಗೆ ಮುಂದಿನ ಹೆರಿಗೆಯಲ್ಲಿಯೂ ಬರುವ ಸಂಭವ ಹೆಚ್ಚಾದುದರಿಂದ, ಮತ್ತೆ ಗರ್ಭಿಣಿಯಾದರೆ ಮೊದಲ ತಪಾಸಣೆಯಲ್ಲಿಯೇ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಹಳೆಯ ಚೀಟಿಗಳನ್ನು ತೋರಿಸಬೇಕು.