ಹಳೇ ಔಟ್‌ಬೋರ್ಡ್ ಮೋಟರಿನ ಕಿಡಿ ಹಿಡಿದು ಹೊರಟಾಗ

ಕಾರವಾರದ ಕೋಡಿಬಾಗದಲ್ಲಿ ನನ್ನ ದೋಣಿಗೆ ಇರುವುದು ಒಂದು ಹಳೇ ಅಮೆರಿಕನ್ ಔಟ್‌ಬೋರ್ಡ್ ಮೋಟರ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್. ಎರಡು ಸಿಲಿಂಡರ್, ಟೂ ಸ್ಟ್ರೋಕ್, 10 ಎಚ್‌ಪಿ. ಬ್ಯಾಟರಿ ಇಲ್ಲ, ಹಗ್ಗ ಎಳೆದೇ ಸ್ಟಾರ್ಟ್ ಮಾಡಬೇಕು. ಅದಕ್ಕೊಂದು ವಿಚಿತ್ರ ಕಾಯಿಲೆ ಬಂದಿತ್ತು. ನಿಧಾನಕ್ಕೆ ಓಡುವಾಗ ಎರಡೂ ಸಿಲಿಂಡರ್ ಸರಿ. ಹಿಡಿ ತಿರುಗಿಸಿ ವೇಗ ಏರಿಸಿದ ಕೂಡಲೇ ಒಂದು ಸುಮ್ಮನಾಗುತ್ತಿತ್ತು. ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ, ಇಳಿತದ ಹೊತ್ತಿಗೆ, ಒಂದೇ ಸಿಲಿಂಡರ್ ನಂಬಿಕೊಂಡು ವಾಪಸ್ ಬರುವುದು ಸಲೀಸಲ್ಲ.

ನೋಡಿದವರೆಲ್ಲ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಕೆಟ್ಟಿದೆ ಅಂದರು. ನಮ್ಮ ಕಡೆ ಯಾವ ಮೋಟರ್ ಕೆಮ್ಮಿದರೂ ಮೊದಲು ಬೈಸಿಕೊಳ್ಳುವುದು ಅದೇ. ಆದರೆ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್‌ಗಳನ್ನು ಬಿಚ್ಚಿದರೆ ಒಂದು ಒಣಗಿ ಕಂದು ಬಣ್ಣಕ್ಕಿತ್ತು, ಇನ್ನೊಂದು ಪೆಟ್ರೋಲಿನಲ್ಲಿ ಒದ್ದೆ. ಎರಡಕ್ಕೂ ಸೇರಿ ಇರುವುದು ಒಂದೇ ಕಾರ್ಬುರೇಟರ್. ಅದು ಕೆಟ್ಟಿದ್ದರೆ ಎರಡೂ ತಕರಾರು ಮಾಡಬೇಕಿತ್ತು, ಅಲ್ವಾ? ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಅಂದಮೇಲೆ ಕಿಡಿಯನ್ನೇ ನೋಡಬೇಕು.

ಲೂನಾ, ಹಳೇ ಚೇತಕ್ ಬಿಚ್ಚಿದವರಿಗೆ ಒಳಗಿನ ಸಾಮಾನು ಹೊಸದಲ್ಲ. ಎಂಜಿನ್ ಜೊತೆ ಸುತ್ತುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನಲ್ಲಿ ಮ್ಯಾಗ್ನೆಟ್. ಅದರ ಕೆಳಗೆ ಒಂದು ಪ್ಲೇಟು, ಅದರ ಮೇಲೆ ಪ್ರತಿ ಸಿಲಿಂಡರಿಗೆ ಒಂದು ಕಾಯಿಲ್ (ತಂತಿಯ ಸುರುಳಿ), ಒಂದು ಪಾಯಿಂಟ್ (ಮುಚ್ಚಿದರೆ ಕರೆಂಟ್ ಬಿಡುವ, ತೆರೆದರೆ ಕಡಿಯುವ ಪುಟ್ಟ ಸ್ವಿಚ್ಚು), ಒಂದು ಕಂಡೆನ್ಸರ್. ಮ್ಯಾಗ್ನೆಟ್ ಸುತ್ತುವಾಗ ಕಾಯಿಲ್‌ನ ದಪ್ಪ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಅದು ಹರಿಯುತ್ತಲೇ ಇರುತ್ತದೆ. ಪಾಯಿಂಟ್ ಮುಚ್ಚಿದಾಗ ಕಿಡಿ ಬರುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಇಲ್ಲ, ತೆರೆದಾಗ ಬರುತ್ತದೆ. ಜೋರಾಗಿ ಬರುತ್ತಿರುವ ನಲ್ಲಿಯನ್ನು ಫಕ್ಕನೆ ಬಂದ್ ಮಾಡಿದರೆ ಪೈಪು ಧಡ್ ಅನ್ನುತ್ತದಲ್ಲ, ಹಾಗೆ. ಹರಿಯುತ್ತಿದ್ದ ಕರೆಂಟ್ ತಟ್ಟನೆ ಕಡಿದಾಗ, ಪಕ್ಕದಲ್ಲೇ ಸಾವಿರಾರು ಸುತ್ತು ಸುತ್ತಿದ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಆ ಕಡಿತ ಚೊಕ್ಕವಾಗಿ ಆಗಲಿ ಅಂತಲೇ ಕಂಡೆನ್ಸರ್ ಇರುವುದು. ಅದು ಸತ್ತರೆ ಪಾಯಿಂಟಿನ ಸಂದಿಯಲ್ಲೇ ಕಿಡಿ ಹಾರಿ ಪಾಯಿಂಟ್ ಸುಡುತ್ತದೆ, ಪ್ಲಗ್ಗಿಗೆ ಸಿಗುವುದು ಮಂಕು ಕಿಡಿ.

ಫ್ಲೈವೀಲ್ ತೆಗೆಯಲು ಪುಲ್ಲರ್, ಅಂದರೆ ಅದನ್ನು ಎಳೆದು ಬಿಡಿಸುವ ಸಾಧನ, ಬೇಕೇ ಬೇಕು. ಸುತ್ತಿಗೆಯಲ್ಲಿ ಹೊಡೆಯುವವರಿದ್ದಾರೆ. ಅದು ಕೂತಿರುವ ಕ್ರ್ಯಾಂಕ್ ದಂಡ ಬಾಗಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಫ್ಲೈವೀಲನ್ನು ದಂಡದ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಅರ್ಧಚಂದ್ರದ ಕೀ ನೋಡಿದೆ, ತುಂಡಾಗಿರಲಿಲ್ಲ. ಅದು ಸ್ವಲ್ಪ ಕತ್ತರಿಸಿದ್ದರೂ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಕೆಡುತ್ತದೆ.

ಪಾಯಿಂಟ್ ಮುಖದ ಮೇಲೆ ಬೂದಿ ಬಣ್ಣದ ಪೊರೆ ಕಟ್ಟಿತ್ತು. ಮಳೆಗಾಲ ಮತ್ತು ಉಪ್ಪುಗಾಳಿ ಸೇರಿದರೆ ಇದು ಇದ್ದದ್ದೇ. ಸಣ್ಣ ಅರದಿಂದ ಮೆಲ್ಲಗೆ ಉಜ್ಜಿ, ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಎಳೆದೆ. ಕಾರ್ಡಿನ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೆ ಎಳೆಯಬೇಕು. ಮೀಟರಿನಲ್ಲಿ ಓಮ್ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಪಾಯಿಂಟ್ ಪೂರ್ತಿ ತೆರೆದಾಗಿನ ಸಂದಿಯನ್ನು ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿ) 0.5 ಮಿ.ಮೀ.ಗೆ ಕೂರಿಸಿದೆ. ಇದು ಬರೀ ಅಳತೆಯಲ್ಲ. ಸಂದಿ ಜಾಸ್ತಿಯಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಡಿಮೆಯಾದರೆ ತಡವಾಗಿ. ಕಿಡಿಯ ಹೊತ್ತೂ ಅದರ ಜೊತೆಗೇ ಹಿಂದೆ ಮುಂದೆ ಆಗುತ್ತದೆ.

ಕಿಡಿ ಜೋರಾಯಿತು. ಕಾಯಿಲೆ ಮಾತ್ರ ಹೋಗಲಿಲ್ಲ.

ಆಗ ಹಿಡಿಯ ಬಗ್ಗೆ ಯೋಚಿಸಿದೆ. ಈ ಮೋಟರಿನಲ್ಲಿ ಹಿಡಿ ತಿರುಗಿಸಿದರೆ ಕಾರ್ಬುರೇಟರ್ ಮಾತ್ರ ತೆರೆಯುವುದಲ್ಲ, ಕಾಯಿಲ್ ಕೂತ ಪ್ಲೇಟೂ ತಿರುಗುತ್ತದೆ. ವೇಗ ಏರಿದಂತೆ ಕಿಡಿ ಮುಂಚಿತವಾಗಿ ಬೀಳಲಿ ಅಂತ ಆ ಏರ್ಪಾಡು. ಪ್ಲೇಟ್ ತಿರುಗಿದರೆ ಪ್ಲಗ್ಗಿಗೆ ಹೋಗುವ ವಯರೂ ಬಾಗುತ್ತದೆ. ಎಷ್ಟೋ ವರ್ಷದಿಂದ, ಒಂದೇ ಜಾಗದಲ್ಲಿ.

ಕತ್ತಲಾಗಲಿ ಅಂತ ಕಾದೆ. ಟ್ಯಾಂಕನ್ನು ಶೆಡ್ಡಿನಿಂದ ಹೊರಗೆ ಸಾಗಿಸಿ, ಬಾಗಿಲು ತೆರೆದಿಟ್ಟು ಪೆಟ್ರೋಲ್ ವಾಸನೆ ಹೋಗಲು ಬಿಟ್ಟೆ. ಕಿಡಿ ಹಾರುತ್ತದಾ ಅಂತ ತೋರಿಸುವ 6 ಮಿ.ಮೀ. ಸಂದಿಯ ಟೆಸ್ಟರಿಗೆ ಪ್ಲಗ್ಗಿನ ವಯರ್ ಸಿಕ್ಕಿಸಿ, ಅದನ್ನು ಪ್ಲಗ್ ತೂತುಗಳಿಂದ ದೂರ ಎಂಜಿನ್ ಬಾಡಿಗೆ ಕಚ್ಚಿಸಿದೆ. ವಯರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆಯಬಾರದು, ಕಾಯಿಲ್‌ನ ಇನ್ಸುಲೇಷನ್ ಹೋಗುತ್ತದೆ. ಲೈಟ್ ಆರಿಸಿದೆ. ಅಳಿಯ ಹಗ್ಗ ಎಳೆದ. ನಿಧಾನದ ಗುರುತಿನಲ್ಲಿ ಟೆಸ್ಟರಿನಲ್ಲಿ ನೀಲಿ ಕಿಡಿ ಚಟ್ ಅಂತ ಹಾರಿತು. ಹಿಡಿ ಪೂರ್ತಿ ತಿರುಗಿಸಿ ಮತ್ತೆ ಎಳೆದರೆ ಟೆಸ್ಟರ್ ಖಾಲಿ. ಪ್ಲೇಟಿನ ಕೆಳಗೆ, ವಯರ್ ಹೊರಬರುವ ತೂತಿನ ಅಂಚಿನಲ್ಲಿ, ಕೂದಲಿನಷ್ಟು ಸಣ್ಣ ಕಿಡಿ. ಹಗಲಿನಲ್ಲಿ ಅಲ್ಲಿ ಏನೂ ಕಂಡಿರಲಿಲ್ಲ. ಬೆರಳಿಂದ ಬಗ್ಗಿಸಿದಾಗಷ್ಟೇ ರಬ್ಬರಿನ ಸೀಳು ಬಾಯಿ ಬಿಟ್ಟಿತು.

ಹೊಸ ವಯರ್ ತರುವಾಗ ಒಳಗೆ ತಾಮ್ರದ ಎಳೆ ಇರುವುದನ್ನೇ ಕೇಳಿ ತರಬೇಕು. ಈಗಿನ ಕಾರುಗಳ ಕಾರ್ಬನ್ ವಯರ್ ಇದಕ್ಕೆ ಆಗುವುದಿಲ್ಲ, ಕಾಯಿಲ್‌ನ ಮೊಳೆ ತಾಮ್ರದ ಎಳೆಗೇ ಚುಚ್ಚಿ ಕೂರಬೇಕು. ಪ್ಲೇಟ್ ಈ ತುದಿಯಿಂದ ಆ ತುದಿಗೆ ತಿರುಗಿದರೂ ಎಳೆತ ಬೀಳದಷ್ಟು ಸಡಿಲ ಬಿಟ್ಟೆ. ಕಾಯಿಲ್ ಮತ್ತೆ ಕೂರಿಸುವಾಗ ಅದರ ಕಬ್ಬಿಣದ ಪಾದ ಪ್ಲೇಟಿನ ಅಂಚಿಗೆ ಸಮ ಇದೆಯಾ ಅಂತ ಉಗುರಿನಿಂದ ಸವರಿ ನೋಡಿದೆ. ಹೊರಗೆ ಚಾಚಿದರೆ ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ, ಒಳಗೆ ಸರಿದರೆ ಕಿಡಿ ಮಂಕಾಗುತ್ತದೆ.

ಪಾಯಿಂಟ್ ಕಿತ್ತು ಕಿಡಿಗೆ ಎಲೆಕ್ಟ್ರಾನಿಕ್ ಏರ್ಪಾಡು ಹಾಕಿಸು ಅಂತ ಈಗಲೂ ಹೇಳುವವರಿದ್ದಾರೆ. ಹಾಕಿಸಿದ್ದರೂ ಆ ಸೀಳು ವಯರ್ ಹಾಗೇ ಇರುತ್ತಿತ್ತು. ಇನ್ನೊಂದು ವಯರ್ ಕೆಟ್ಟಿರಲಿಲ್ಲ, ಆದರೂ ಅವತ್ತೇ ಬದಲಿಸಿಬಿಟ್ಟೆ. ವಯಸ್ಸು ಅದಕ್ಕೂ ಅಷ್ಟೇ ಆಗಿತ್ತು, ಫ್ಲೈವೀಲ್ ಮತ್ತೆ ಎಳೆಯುವ ಹುಮ್ಮಸ್ಸು ನನಗಿರಲಿಲ್ಲ.